ಡಾಕ್ಟರ್ ಮುಂದೆ ನಮ್ಮ ಮಾತು ನಿಲ್ಲಬೇಕಾದರೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಆಸುಪಾಸಿನ ಕನ್ನಡದ ಹೆಂಗಸರು ಆಸ್ಪತ್ರೆಗೆ ಹೊರಟರೆ ನನ್ನನ್ನೂ ಕರೆಯುತ್ತಾರೆ. ನನಗೆ ಮರಾಠಿ, ಹಿಂದಿ ಎರಡೂ ಬರುತ್ತದೆ. ನನಗೂ ಗರ್ಭಕೋಶದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಂಟು) ಇತ್ತು ಅಂತ ಎಲ್ಲರಿಗೂ ಗೊತ್ತು. ಮುಟ್ಟು ಜಾಸ್ತಿ ಹೋಗುತ್ತದೆ ಅಂದವರಿಗೆ ಸಿಗುವ ಉತ್ತರ ಎರಡೇ. 'ಈ ವಯಸ್ಸಿಗೆ ಎಲ್ಲರಿಗೂ ಹೀಗೇ, ಟೆನ್ಷನ್ ಬೇಡ.' ಇಲ್ಲವೇ, 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ.' ನನ್ನ ವಿಷಯದಲ್ಲಿ ಈ ಎರಡನೆಯ ಮಾತನ್ನು ಡಾಕ್ಟರ್ ಹೇಳಿದ್ದು ನನಗಲ್ಲ, ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರಿಗೆ. ಇದು ಆಗಬಾರದು. ಆಗದ ಹಾಗೆ ನಾವು ಏನು ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಮೊದಲ ಕೆಲಸ ಮನೆಯಲ್ಲೇ. 'ಜಾಸ್ತಿ' ಅಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಬರೆಯಿರಿ: ಇವತ್ತು ಎಷ್ಟು ಪ್ಯಾಡ್, ರಾತ್ರಿ ಎದ್ದು ಬದಲಾಯಿಸಬೇಕಾಯಿತಾ, ರಕ್ತದ ಗಡ್ಡೆ ಬಿತ್ತಾ, ಎಷ್ಟು ದೊಡ್ಡದು. ಏಳು ದಿನ ದಾಟಿದರೆ, ಹತ್ತು ರೂಪಾಯಿ ನಾಣ್ಯದಷ್ಟು ಗಡ್ಡೆ ಬೀಳುತ್ತಿದ್ದರೆ ಅದು ಸುಮ್ನೆ ಬಿಡುವ ವಿಷಯ ಅಲ್ಲ. ಸ್ಟೇಷನ್ ಸೇತುವೆ ಹತ್ತುವಾಗ ಉಸಿರು ಸಾಲದೆ ನಿಲ್ಲುತ್ತೀರಾ? ಅದನ್ನೂ ಬರೆಯಿರಿ. ಹೋಟೆಲಿನಲ್ಲಿ ಕೆಲಸ ಮಾಡುವವರೊಬ್ಬರ ಹೆಂಡತಿಗೆ ಬರೀ ಟಾನಿಕ್ ಕೊಟ್ಟು ಕಳಿಸುತ್ತಿದ್ದರು. ಆ ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲೆ ಇಟ್ಟ ದಿನ ಹಿಮೋಗ್ಲೋಬಿನ್, ಥೈರಾಯ್ಡ್, ಸೋನೋಗ್ರಫಿ ಮೂರನ್ನೂ ಬರೆದುಕೊಟ್ಟರು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 45 ದಾಟಿದವರು ಗರ್ಭಕೋಶದ ಒಳಪದರದ ಬಯಾಪ್ಸಿ (ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು) ಬೇಕಾ ಅಂತಲೂ ಕೇಳಿ.

ಒಳಗೆ ಹೋದ ಮೇಲೆ ನೀವೇ ಮಾತಾಡಿ. ಗಂಡನೋ ಅತ್ತೆಯೋ ಉತ್ತರ ಕೊಡಲು ಶುರು ಮಾಡಿದರೆ, 'ನಾನು ಹೇಳುತ್ತೇನೆ' ಅನ್ನಿ. ಭಾಷೆಗೆ ಯಾರಾದರೂ ಬೇಕಿದ್ದರೆ ನೀವು ಹೇಳಿದ್ದನ್ನಷ್ಟೇ ಹೇಳುವವರನ್ನು ಕರೆದುಕೊಂಡು ಹೋಗಿ. ಗಂಡು ಡಾಕ್ಟರ್ ಪರೀಕ್ಷೆ ಮಾಡುವಾಗ ಹೆಂಗಸೊಬ್ಬರು ಅಲ್ಲಿರಬೇಕು ಅನ್ನುವುದು ನಿಮ್ಮ ಹಕ್ಕು, ಅದನ್ನು ಕೇಳಲು ಸಂಕೋಚ ಬೇಡ.

ರಕ್ತಪರೀಕ್ಷೆ, ಸೋನೋಗ್ರಫಿ ಬೇಡ ಅಂತ ಡಾಕ್ಟರ್ ಅಂದರೆ ಜಗಳ ಆಡಬೇಡಿ. 'ಡಾಕ್ಟರ್, ಕೇಸ್ ಪೇಪರ್‌ವರ್ ಲಿಹೂನ್ ದ್ಯಾ' ಅಂತ ಮರಾಠಿಯಲ್ಲಿ ಹೇಳಿ. ನಾನು ಹೇಳಿದ ತೊಂದರೆ ಏನು, ಪರೀಕ್ಷೆ ಯಾಕೆ ಬೇಡ, ಎರಡನ್ನೂ ಕೇಸ್ ಪೇಪರಿನಲ್ಲಿ ಬರೆದುಕೊಡಿ ಅಂತ. ಬಾಯಲ್ಲಿ ತಳ್ಳಿಹಾಕುವುದು ಸುಲಭ, ಸಹಿ ಹಾಕಿ ತಳ್ಳಿಹಾಕುವುದು ಸುಲಭ ಅಲ್ಲ. ಎಷ್ಟೋ ಸಲ ಆ ಪೆನ್ನು ಎತ್ತುವಾಗಲೇ ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದ್ದನ್ನು ನೋಡಿದ್ದೇನೆ.

ಇನ್ನು ಆಪರೇಷನ್ ಮಾತು. ಹೂಂ ಅನ್ನುವ ಮೊದಲು ಮೂರು ಪ್ರಶ್ನೆ ಕೇಳಿ. ಈಗ ಮಾಡಿಸದಿದ್ದರೆ ಏನಾಗುತ್ತದೆ? ಬೇರೆ ದಾರಿ ಏನಿದೆ? ಅಂಡಾಶಯ ಉಳಿಸುತ್ತೀರಾ? ಕೊನೆಯದನ್ನು ಮರೆಯಲೇಬೇಡಿ. ಮುಟ್ಟು ಇನ್ನೂ ನಡೆಯುತ್ತಿರುವಾಗ ಎರಡೂ ಅಂಡಾಶಯ ತೆಗೆದರೆ ಕೂಡಲೇ ಮುಟ್ಟುನಿಲ್ಲುವಿಕೆ ಶುರುವಾಗುತ್ತದೆ, ಮೂಳೆ ಸವೆಯುವುದೂ ಬೇಗ. ಫೈಬ್ರಾಯ್ಡ್ ಇದ್ದರೆ ರಕ್ತ ಹೋಗುವುದನ್ನು ಕಡಿಮೆ ಮಾಡುವ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಇದೆ, ಗಂಟನ್ನಷ್ಟೇ ತೆಗೆಯುವ ಮಯೊಮೆಕ್ಟಮಿ ಇದೆ, ಆ ಗಂಟಿಗೆ ಹೋಗುವ ರಕ್ತನಾಳ ಮುಚ್ಚುವ ಚಿಕಿತ್ಸೆಯೂ ಇದೆ. ಎಲ್ಲರಿಗೂ ಎಲ್ಲವೂ ಹೊಂದುವುದಿಲ್ಲ. ನನ್ನ ಗಂಟು ಇದ್ದ ಜಾಗಕ್ಕೆ ಹಾರ್ಮೋನ್ ಸಾಧನ ಸಾಕಾಯಿತು. ಮೇಲಿನ ಮನೆಯವರು ಎಲ್ಲ ಕೇಳಿ ತಿಳಿದು ಗರ್ಭಕೋಶವನ್ನೇ ತೆಗೆಸಿಕೊಂಡರು, ಆರಾಮಾಗಿದ್ದಾರೆ. ಅವರದೂ ಸರಿಯಾದ ತೀರ್ಮಾನವೇ, ಯಾಕೆಂದರೆ ಅದು ಅವರೇ ಮಾಡಿದ್ದು.

ನಮ್ಮ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸಾವಿರಾರು ಹೆಂಗಸರ ಗರ್ಭಕೋಶ ತೆಗೆದಿರುವ ಸುದ್ದಿ 2019ರಲ್ಲಿ ದೊಡ್ಡದಾಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಎರಡನೇ ಅಭಿಪ್ರಾಯ ಕೇಳುವುದು ಡಾಕ್ಟರಿಗೆ ಮಾಡುವ ಅವಮಾನ ಅಲ್ಲ, ಅದೂ ರೋಗಿಯ ಹಕ್ಕೇ. ಫೈಲಿನ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮ 2002ರಿಂದಲೂ ಇದೆ, ಅರ್ಜಿ ಬರೆದು ಕೊಡಿ. ಮುಂಬಯಿ ಪಾಲಿಕೆಯ ಆಸ್ಪತ್ರೆಗಳಾದ ಪರೇಲಿನ ಕೆಇಎಂ, ಸಾಯನ್ ಎರಡೂ ನಮಗೆ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲೇ. ಬೆಳಗ್ಗೆ ಬೇಗ ಹೋಗಿ, ಸಾಲು ಉದ್ದ ಇರುತ್ತದೆ. ಆಪರೇಷನ್ ಮಾಡಿದರೆ ಲಾಭ ಇಲ್ಲದ ಡಾಕ್ಟರ್ ಏನು ಹೇಳುತ್ತಾರೆ ಅಂತ ಕೇಳಿಸಿಕೊಳ್ಳುವುದು ಒಳ್ಳೆಯದಲ್ವಾ?

ಆದರೆ ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ಕಣ್ಣು ಕತ್ತಲೆ ಬರುತ್ತಿದ್ದರೆ ಇದೆಲ್ಲ ಬಿಟ್ಟು ಕೂಡಲೇ ತುರ್ತು ವಿಭಾಗಕ್ಕೆ ಹೋಗಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ತೋರಿಸಿ. ಅಲ್ಲಿ 'ಏನೂ ಇಲ್ಲ' ಅನ್ನುವ ಬಾಯಿಮಾತನ್ನು ಒಪ್ಪಬೇಡಿ.

ಒಪ್ಪಿಗೆ ಪತ್ರವನ್ನು ಆಪರೇಷನ್ ದಿನ ಬೆಳಗ್ಗೆ ಓದುವುದಲ್ಲ. ಹಿಂದಿನ ದಿನವೇ ಕೇಳಿ ತಗೊಳ್ಳಿ, ಗೊತ್ತಿರುವ ಭಾಷೆಯಲ್ಲಿ ಓದಿಸಿಕೊಳ್ಳಿ. ಏನೇನು ತೆಗೆಯುತ್ತಾರೆ ಅಂತ ಅದರಲ್ಲಿ ಸ್ಪಷ್ಟವಾಗಿರಲಿ. ದೆಹಲಿಯಲ್ಲಿ ಬರೀ ಒಳಗೆ ನೋಡುವ ಪರೀಕ್ಷೆಗೆ ಒಪ್ಪಿದ್ದ ಹೆಂಗಸಿಗೆ ಪ್ರಜ್ಞೆ ಇಲ್ಲದಾಗ, ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಆ ಒಪ್ಪಿಗೆ ಸಲ್ಲದು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. ಗಂಡನ ಸಹಿಯನ್ನು ಜೊತೆಗೆ ಕೇಳಬಹುದು, ನಿಮ್ಮ ಸಹಿಯ ಬದಲಿಗೆ ಅಲ್ಲ. ಆಪರೇಷನ್ ಆದರೆ ತೆಗೆದದ್ದನ್ನು ಲ್ಯಾಬಿಗೆ ಕಳಿಸಿದರಾ ಅಂತ ವಿಚಾರಿಸಿ, ಹೊಲಿಗೆ ತೋರಿಸಲು ಹೋದಾಗ ಆ ರಿಪೋರ್ಟನ್ನೂ ಕೇಳಿ ತಗೊಂಡು ಬನ್ನಿ.