ರ‍್ಯಾಲಿ ಕಾರಿಗೆ ರೋಲ್ ಕೇಜ್: ಪೈಪ್ ಆಯ್ಕೆಯಿಂದ ಕೊನೆಯ ಬೆಸುಗೆವರೆಗೆ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಕಾರು ತಿರುವು ತಪ್ಪಿ ಪಲ್ಟಿ ಹೊಡೆದರೆ, ಒಳಗಿರುವ ಇಬ್ಬರ ಮೇಲೆ ಚಾವಣಿ ಕುಸಿಯದಂತೆ ತಡೆಯುವುದು ರೋಲ್ ಕೇಜ್ ಎಂಬ ಉಕ್ಕಿನ ಪೈಪ್‌ಗಳ ಚೌಕಟ್ಟು. ಕೇಜ್ ಕಟ್ಟಿಸಲು ಬಂದವರು ಮೊದಲು ಕೇಳುವುದು "ಯಾವ ಸ್ಟೀಲ್ ಜಾಸ್ತಿ ಗಟ್ಟಿ?" ಎಂದು. ಪೈಪನ್ನು ಎಲ್ಲಿ ನಿಲ್ಲಿಸುತ್ತೀರಿ, ಹೇಗೆ ಬೆಸೆಯುತ್ತೀರಿ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಶುರುವಿನಲ್ಲೇ ಒಂದು ಮಾತು. ಇದು ಸ್ಪರ್ಧೆಯ ಕಾರಿಗೆ ಮಾತ್ರ. ದಿನಾ ಓಡಿಸುವ ಕಾರಿನಲ್ಲಿ ಹೆಲ್ಮೆಟ್ ಇಲ್ಲದ ತಲೆಗೆ ಉಕ್ಕಿನ ಪೈಪ್ ತಾಗಿದರೆ ಜೀವವೇ ಹೋಗಬಹುದು. ಪಕ್ಕದ ಏರ್‌ಬ್ಯಾಗ್ ಬಿಚ್ಚಿಕೊಳ್ಳಲೂ ಅದು ಅಡ್ಡಿ. ಜೊತೆಗೆ, ನೋಂದಣಿಯಾದ ವಾಹನವನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ.

ಹಂತ 1: ಪೈಪ್ ಆರಿಸಿ

ಎಫ್‌ಐಎ (ಜಗತ್ತಿನ ಮೋಟಾರು ಸ್ಪರ್ಧೆಗಳ ಆಡಳಿತ ಸಂಸ್ಥೆ) ನಿಯಮಾವಳಿಯ 253ನೇ ವಿಧಿ ಕೇಳುವುದು ತಣ್ಣಗೆ ಎಳೆದ, ಉದ್ದಕ್ಕೂ ಸೇರುವೆಯೇ ಇಲ್ಲದ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಪೈಪ್. ಅದರ ಎಳೆತದ ಬಲ, ಅಂದರೆ ಎಳೆದಾಗ ಹರಿಯದೆ ತಾಳುವ ಶಕ್ತಿ, ಕನಿಷ್ಠ 350 ಮೆಗಾಪಾಸ್ಕಲ್ ಇರಬೇಕು. ಚಾಲಕನ ಬೆನ್ನ ಹಿಂದೆ ಕಮಾನಿನಂತೆ ನಿಲ್ಲುವ ಮೇನ್ ಹೂಪ್‌ಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಅಥವಾ 50ಕ್ಕೆ 2 ಮಿ.ಮೀ. ಉಳಿದ ಪೈಪ್‌ಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ನೀರಿನ ಜಿಐ ಪೈಪ್, ಗೇಟಿಗೆ ಬಳಸುವ ಪೈಪ್ ಬೇಡವೇ ಬೇಡ. ಅಂಗಡಿಯವರಿಂದ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಇನ್ನು ಹೈ-ಸ್ಟ್ರೆಂತ್ ಸ್ಟೀಲ್. ರೇಸಿಂಗ್ ಲೋಕದ ಅಚ್ಚುಮೆಚ್ಚು 4130 ಕ್ರೋಮೋಲಿ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಇದರ ಎಳೆತದ ಬಲ ಸುಮಾರು 670 ಮೆಗಾಪಾಸ್ಕಲ್. ಬಲ ಹೆಚ್ಚಿದ್ದರಿಂದ ಪೈಪ್ ತೆಳುವಾದರೂ ನಡೆಯುತ್ತದೆ ಎಂಬುದು ಲೆಕ್ಕ. 45 ಮಿ.ಮೀ. ಪೈಪಿನ ದಪ್ಪವನ್ನು 2.5ರಿಂದ 1.5ಕ್ಕೆ ಇಳಿಸಿದರೆ ಮೀಟರಿಗೆ ಸರಿಸುಮಾರು ಒಂದು ಕಿಲೋ ಉಳಿತಾಯವೂ ಆಗುತ್ತದೆ. ಆದರೆ ಬಹಳ ಜನ ಎಡವುವುದು ಇಲ್ಲೇ: ಬಲ ಬೇರೆ, ಬಿಗಿತ ಬೇರೆ. ಸಾದಾ ಉಕ್ಕಿಗೂ ಕ್ರೋಮೋಲಿಗೂ ಬಿಗಿತದ ಗುಣಾಂಕ ಹೆಚ್ಚುಕಡಿಮೆ ಒಂದೇ, 200 ಗಿಗಾಪಾಸ್ಕಲ್ ಆಸುಪಾಸು. ಹಾಗಾಗಿ ಆ ತೆಳು ಪೈಪ್ ಬಾಗದೆ ನಿಲ್ಲುವ ಬಿಗಿತದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಅದನ್ನು ತುಂಬಿಕೊಳ್ಳಲು ವ್ಯಾಸ ದೊಡ್ಡದಾಗಬೇಕು, ಇಲ್ಲವೇ ಅಡ್ಡಪೈಪ್‌ಗಳಿಂದಾಗುವ ತ್ರಿಕೋನಗಳು ಹೆಚ್ಚಬೇಕು. ಕ್ರೋಮೋಲಿ ಕೇಜ್‌ನ ವಿನ್ಯಾಸಕ್ಕೆ ಪ್ರತ್ಯೇಕ ಮಾನ್ಯತೆಯೂ ಬೇಕು. ಮೊದಲ ಕೇಜ್‌ಗೆ ಕಾರ್ಬನ್ ಸ್ಟೀಲೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 2: ಬಿಚ್ಚಿ, ಅಳೆಯಿರಿ

ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೆಟ್ರೋಲ್ ಟ್ಯಾಂಕ್, ವೈರಿಂಗ್, ಸದ್ದು ತಡೆಯಲು ನೆಲಕ್ಕೆ ಅಂಟಿಸಿದ ಡಾಂಬರು ಹಾಳೆ ಎಲ್ಲವನ್ನೂ ತೆಗೆಯಿರಿ. ಸ್ಪರ್ಧೆಯ ಸೀಟನ್ನೇ ಕೂರಿಸಿ, ಹೆಲ್ಮೆಟ್ ಹಾಕಿದ ಚಾಲಕ ಮತ್ತು ಸಹಚಾಲಕರನ್ನು ಕೂರಿಸಿಕೊಂಡು ಅಳತೆ ಮಾಡಿ.

ಹಂತ 3: ಬಗ್ಗಿಸಿ, ಪಾದ ಕೂರಿಸಿ

ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. ಬಗ್ಗಿದ ಕಡೆ ಪೈಪ್ ಚಪ್ಪಟೆಯಾದರೆ, ನೆರಿಗೆ ಬಿದ್ದರೆ ಆ ತುಂಡು ಗುಜರಿಗೆ. ಮರಳು ತುಂಬಿ, ಕಾಯಿಸಿ ಬಗ್ಗಿಸುವ ಹಳೆಯ ರೂಢಿ ಇಲ್ಲಿ ಸಲ್ಲದು.

ಕಾರಿನ ನೆಲದ ತಗಡು ತೆಳು. ಪೈಪನ್ನು ನೇರ ಅದರ ಮೇಲೆ ನಿಲ್ಲಿಸಿದರೆ ಪೆಟ್ಟು ಬಿದ್ದಾಗ ತಗಡನ್ನೇ ತೂತು ಮಾಡಿಕೊಂಡು ಇಳಿಯುತ್ತದೆ. ಅದಕ್ಕೇ ಮೇನ್ ಹೂಪ್ ಮತ್ತು ಮುಂದಿನ ಪೈಪ್‌ಗಳ ಪ್ರತಿ ಪಾದದಡಿ, ಅಂದರೆ ಬುಡದಡಿ, ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟ್ ಬೇಕು, ಅದನ್ನು ಬಾಗಿಲ ಕೆಳಗಿನ ಸಿಲ್‌ಗೂ ಸೇರಿಸಿ ಬೆಸೆದರೆ ಇನ್ನೂ ಒಳ್ಳೆಯದು.

ಹಂತ 4: ಬೆಸುಗೆ

ಮೊದಲು ಇಡೀ ಕೇಜನ್ನು ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಹಾಕಿ ನಿಲ್ಲಿಸಿ, ಅಳತೆ ಇನ್ನೊಮ್ಮೆ ನೋಡಿ. ನಂತರ ಎಡಕ್ಕೊಂದು, ಬಲಕ್ಕೊಂದು ಎಂಬಂತೆ ಬೆಸೆಯುತ್ತ ಹೋಗಿ. ಒಂದೇ ಕಡೆ ಬಿಸಿ ಕೊಟ್ಟರೆ ಕೇಜ್ ಸೊಟ್ಟಗಾಗುತ್ತದೆ. ಬೆಸುಗೆ ಪೈಪಿನ ಸುತ್ತಲೂ ಪೂರ್ತಿ ಬರಬೇಕು. ಚಾವಣಿಗೆ ಅಂಟಿಕೊಂಡ ಪೈಪ್ ಕೀಲುಗಳ ಮೇಲ್ಭಾಗಕ್ಕೆ ಬೆಸುಗೆಯ ಟಾರ್ಚ್ ಹೋಗುವುದೇ ಇಲ್ಲ, ಹಾಗಾಗಿ ಎಷ್ಟೋ ಕಡೆ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಪಲ್ಟಿಯಾದಾಗ ಭಾರ ಬೀಳುವುದೇ ಆ ಕೀಲಿನ ಮೇಲೆ! ಬಲ್ಲ ಕೆಲಸಗಾರರು ಪಾದದ ಜಾಗದಲ್ಲಿ ನೆಲ ಕತ್ತರಿಸಿ, ಕೇಜನ್ನು ಕೆಳಗಿಳಿಸಿ, ಮೇಲ್ಭಾಗ ಬೆಸೆದು, ಮತ್ತೆ ಎತ್ತಿ ಪಾದದ ಪ್ಲೇಟ್ ಕೂರಿಸುತ್ತಾರೆ. ಕ್ರೋಮೋಲಿಗೆ ಟಿಗ್ (ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಮಾಡುವ) ವೆಲ್ಡಿಂಗ್ ಸೂಕ್ತ. ಬೆಸೆದ ಮೇಲೆ ತಾನಾಗಿ ಆರಲಿ. ನೀರು ಸುರಿದರೆ ಬೆಸುಗೆಯ ಅಂಚು ಪೆಡಸಾಗಿ ಬಿರುಕು ಬಿಡುತ್ತದೆ. ಅಂದಕ್ಕಾಗಿ ಗ್ರೈಂಡರ್ ಹಿಡಿದು ಬೆಸುಗೆ ಸವೆಸಬೇಡಿ.

ಹಂತ 5: ಬಾಡಿ ಬಲಪಡಿಸಿ

ಹಳೆಯ ಕಾರುಗಳ ಸಾದಾ ತಗಡಿನ ಸೇರುವೆಗಳಿಗೆ ಅಲ್ಲಲ್ಲಿ ಬಿಡಿ ಬೆಸುಗೆ ಹಾಕಿದರೆ ಬಾಡಿ ಬಿಗಿಯಾಗುತ್ತದೆ. ಹೊಸ ಕಾರುಗಳಲ್ಲಿ ಹುಷಾರು. ಹಲವು ಕಾರುಗಳ ಬಿ-ಪಿಲ್ಲರ್‌ನಲ್ಲಿ (ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬ) ಇರುವುದು ಕಾಯಿಸಿ ಅಚ್ಚೊತ್ತಿದ ಬೋರಾನ್ ಸ್ಟೀಲ್, ಸುಮಾರು 1500 ಮೆಗಾಪಾಸ್ಕಲ್ ಬಲದ್ದು. ಬೆಸುಗೆಯ ಬಿಸಿ ತಾಗಿದ ಕಡೆ ಅದು ಮೆದುವಾಗುತ್ತದೆ. ಯಾವ ಭಾಗ ಯಾವ ಉಕ್ಕು ಎಂದು ತಯಾರಕರ ಬಾಡಿ ರಿಪೇರಿ ಕೈಪಿಡಿ ನೋಡಿಯೇ ಕೈ ಹಾಕಿ.

ಹಂತ 6: ಕೊನೆಯ ಕೆಲಸ

ತಲೆ, ಮೊಣಕಾಲು ತಾಗುವ ಕಡೆ ಎಫ್‌ಐಎ ಮಾನ್ಯತೆಯ ಗಟ್ಟಿ ಪ್ಯಾಡ್ ಸುತ್ತಿ. ತಿಳಿ ಬಣ್ಣ ಬಳಿಯಿರಿ, ಬಿರುಕು ಬೇಗ ಕಾಣುತ್ತದೆ. ಪ್ರತಿ ರ‍್ಯಾಲಿಯ ನಂತರ ಟಾರ್ಚ್ ಬೆಳಕು ಹಾಯಿಸಿ ಕೀಲುಗಳ ಸುತ್ತ ಬಣ್ಣ ಸೀಳಿದೆಯೇ ನೋಡಿ. ಒಮ್ಮೆ ಬಾಗಿದ ಪೈಪನ್ನು ನೆಟ್ಟಗೆ ಮಾಡಿ ಬಳಸುವಂತಿಲ್ಲ. ಕತ್ತರಿಸಿ ತೆಗೆದು ಹೊಸದು ಹಾಕಿಸಿ.