ರಾಶಿ ಅಡಿಕೆ ಆರಿಸಲು ಎಷ್ಟು ಬೆಳಕು ಬೇಕು: ನನ್ನ ಅನುಭವ

ಚಾಲಿ ಅಂದರೆ ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿ ಸುಲಿದ ಬಿಳಿ ಅಡಿಕೆ; ರಾಶಿ ಅಂದರೆ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆ. ಚಾಲಿ ಆರಿಸಲು, ಅಂದರೆ ಬಣ್ಣ ನೋಡಿ ವಿಂಗಡಿಸಲು, ಸಾಕಾಗುವ ದೀಪ ರಾಶಿಗೆ ಸಾಲುವುದಿಲ್ಲ. ಶಿರಸಿ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಜಗಲಿ, ಒಂದೇ ಟ್ಯೂಬ್‌ಲೈಟಿನ ಕೆಳಗೆ ಎರಡೂ ಕೆಲಸ ನಡೆಯುತ್ತದೆ. ಚಾಲಿ ಸರಿಯಾಗಿ ಬೇರಾಗುತ್ತದೆ, ರಾಶಿಯಲ್ಲಿ ಮಾತ್ರ ಕೆಂಪಿನ ಜೊತೆ ಕಪ್ಪು ಸೇರಿಕೊಳ್ಳುತ್ತದೆ. ಆರಿಸುವವರ ಕೈ ಸರಿಯಿಲ್ಲ ಅನ್ನುವುದಕ್ಕಿಂತ ಮೊದಲು ಬೆಳಕಿನ ಲೆಕ್ಕ ಹಾಕಬೇಕು.

ಕಣ್ಣಿಗೆ ಬೇಕಾದದ್ದು ದೀಪದ ವ್ಯಾಟ್ ಅಲ್ಲ, ಅಡಿಕೆಯಿಂದ ತಿರುಗಿ ಬರುವ ಬೆಳಕು. ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. ಅದನ್ನು ವಸ್ತು ತಿರುಗಿಸುವ ಪಾಲಿನಿಂದ ಗುಣಿಸಿ 3.14ರಿಂದ ಭಾಗಿಸಿದರೆ, ತಿರುಗಿ ಬರುವ ಬೆಳಕು ಚದರ ಮೀಟರಿಗೆ ಎಷ್ಟು ಕ್ಯಾಂಡೆಲಾ ಎಂದು ಸಿಗುತ್ತದೆ. ಮೇಜಿನ ಮೇಲೆ 100 ಲಕ್ಸ್ ಇದೆ ಎನ್ನಿ. ಚಾಲಿ ನೂರಕ್ಕೆ 40 ಪಾಲು ತಿರುಗಿಸುತ್ತದೆ ಎಂದು ಹಿಡಿದರೆ ಸುಮಾರು 13. ತೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಿಡಿದ ರಾಶಿಗೆ 10 ಪಾಲು ಅಂದರೆ 3 ಮಾತ್ರ. ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಪೂರ್ತಿ ಚುರುಕಾಗಿ ಕೆಲಸ ಮಾಡುವ ವಲಯದ ಅಂಚು ಹೆಚ್ಚುಕಡಿಮೆ ಅದೇ 3. ಅದಕ್ಕಿಂತ ಕೆಳಗೆ ಇಳಿದಂತೆ ಬಣ್ಣವೇ ತಿಳಿಯದ ದಂಡಕೋಶಗಳ ಕಾರುಬಾರು ಹೆಚ್ಚುತ್ತದೆ. ಕಪ್ಪು-ಬಿಳುಪು ಕಾಣುತ್ತದೆ, ಕೆಂಪು-ಕಂದು ಬೇರಾಗುವುದಿಲ್ಲ.

ಕೆಂಪಿಗೆ ಪೆಟ್ಟು ಜಾಸ್ತಿ. ಹಗಲು ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್ ಅಲೆಯುದ್ದದ ಹಳದಿ-ಹಸಿರಿಗೆ. ಕತ್ತಲಾದಂತೆ ಅದು 507ರ ಕಡೆಗೆ, ನೀಲಿ-ಹಸಿರಿಗೆ ಸರಿಯುತ್ತದೆ. 1819ರಲ್ಲಿ ಜೆಕ್ ವಿಜ್ಞಾನಿ ಪುರ್ಕಿನ್ಯೆ ಗಮನಿಸಿದ್ದು ಇದನ್ನೇ. ಮುಸ್ಸಂಜೆಗೆ ಅಂಗಳದ ದಾಸವಾಳ ನೋಡಿ: ಎಲೆ ಇನ್ನೂ ತಿಳಿಯಾಗಿರುತ್ತದೆ, ಹೂವು ಕಪ್ಪಾಗಿರುತ್ತದೆ. ರಾಶಿಗೂ ಅದೇ ಗತಿ.

ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಮೇಜು 4 ಅಡಿ ಉದ್ದ, ಎರಡೂವರೆ ಅಡಿ ಅಗಲ. ಅದರಿಂದ 3 ಅಡಿ ಎತ್ತರಕ್ಕೆ, ಎರಡೂ ಪಕ್ಕದಲ್ಲಿ ಒಂದೊಂದು 20 ವ್ಯಾಟಿನ, ತಲಾ 2000 ಲ್ಯೂಮೆನ್ನಿನ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಎಲ್‌ಇಡಿ ಪಟ್ಟಿ. ಪಟ್ಟಿ ಒಳಮುಖವಾಗಿ ವಾರೆಯಾಗಿರಬೇಕು, ನಾವು ನೇರ ಮೇಲಿನಿಂದ ನೋಡಬೇಕು. ತಲೆಯ ಮೇಲೇ ದೀಪ ಕಟ್ಟಿದರೆ ತೊಗರಿನ ಹೊಳಪು ಬಿಳಿ ಚುಕ್ಕಿಯಾಗಿ ಕಣ್ಣಿಗೆ ಹೊಡೆದು ಬಣ್ಣ ಮುಚ್ಚಿಹೋಗುತ್ತದೆ. ಹೀಗೆ ಮೇಜಿನ ಮೇಲೆ ಸುಮಾರು 1000 ಲಕ್ಸ್ ಬೀಳುತ್ತದೆ, ರಾಶಿಯಿಂದ 30 ಕ್ಯಾಂಡೆಲಾದಷ್ಟು ತಿರುಗಿ ಬರುತ್ತದೆ. ಅದನ್ನೂ ದುಪ್ಪಟ್ಟು ಮಾಡಿದರೆ ಕರೆಂಟು ಬಿಲ್ಲು ಏರುತ್ತದೆ, ಆರಿಸುವುದರಲ್ಲಿ ಅಷ್ಟೇನೂ ಸುಧಾರಣೆ ಇಲ್ಲ.

ಪಟ್ಟಿ ಕೊಳ್ಳುವಾಗ 5000ದಿಂದ 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ, ಅಂದರೆ ಬಣ್ಣ ಸರಿಯಾಗಿ ತೋರಿಸುವ ಅಂಕ, 90ಕ್ಕೆ ಮೇಲ್ಪಟ್ಟದ್ದು ಕೇಳಿ. 80ರ ಅಗ್ಗದ ಪಟ್ಟಿಗಳಲ್ಲಿ ಕಡುಗೆಂಪಿನ ಅಂಕ, ಅಂದರೆ ಆರ್9, ಸೊನ್ನೆಯ ಹತ್ತಿರ ಇರುವುದುಂಟು. ಬೆಳಕು ಝಗಝಗ ಅನ್ನುತ್ತದೆ, ಕೆಂಪು ಮಾತ್ರ ಮಂಕು. ಅಂಗಡಿಯಲ್ಲಿ ಆರ್9 ಕೇಳಿದರೆ ಮುಖ ಮುಖ ನೋಡುತ್ತಾರೆ, ಆದರೂ ಕೇಳಿ.

ಮೇಜಿಗೆ ಬಿಳಿ ಬಟ್ಟೆ ಹಾಸಬೇಡಿ. ಕಣ್ಣು ಬಿಳಿಗೆ ಹೊಂದಿಕೊಂಡು ಅಡಿಕೆ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ನೀಲಿ ಟಾರ್ಪಾಲು ಇನ್ನೂ ಕೆಟ್ಟದ್ದು: ಕೆಳಗೆ ಹಾಸಿದರೆ ಕಂದು ಅಡಿಕೆಯೂ ಕೆಂಪಗೆ ಕಾಣುತ್ತದೆ, ಮೇಲೆ ಕಟ್ಟಿದರೆ ಸೋಸಿ ಬರುವ ಬೆಳಕಲ್ಲಿ ಕೆಂಪೇ ಕಡಿಮೆ, ಒಳ್ಳೆ ರಾಶಿಯೂ ಕಪ್ಪಾಗುತ್ತದೆ. ಹಸಿರು ಫೈಬರ್ ಶೀಟಿನ ಮಾಡಿನ ಕೆಳಗೂ ಅದೇ ಕಥೆ. ಹೊಳಪಿಲ್ಲದ ಸಿಮೆಂಟು ಬಣ್ಣದ ಬಟ್ಟೆ ಒಳ್ಳೆಯದು.

ಹಗಲಾದರೆ ದೀಪದ ಗೊಡವೆ ಇಲ್ಲ. ಬೆಳಿಗ್ಗೆ ಹತ್ತರ ನಂತರ ಜಗಲಿಯ ನೆರಳು ಎಲ್ಲಕ್ಕಿಂತ ಚೆನ್ನ. ನೇರ ಬಿಸಿಲು 1 ಲಕ್ಷ ಲಕ್ಸಿನವರೆಗೆ ಹೋಗುತ್ತದೆ. ಹೊಳಪು ಹೊಡೆಯುತ್ತದೆ, ಕಣ್ಣು ಕಿರಿದಾಗುತ್ತದೆ. ಅಂಗಳದಲ್ಲಿ ಅಡಿಕೆ ಹರಡಿ ಒಳಬಂದ ಕೂಡಲೇ ಆರಿಸಲು ಕೂರಬೇಡಿ, ಐದು-ಹತ್ತು ನಿಮಿಷ ಬಿಡಿ. ಸಂಜೆ ಐದರ ಹೊಂಬಿಸಿಲಿನಲ್ಲಂತೂ ಎಲ್ಲರ ಮನೆ ರಾಶಿಯೂ ಕೆಂಪೇ. ವ್ಯಾಪಾರಕ್ಕೆ ಸ್ಯಾಂಪಲ್ ನೋಡುವವರು ಆ ಹೊತ್ತು ತಪ್ಪಿಸಿ.

ನಿಮ್ಮ ದೀಪ ಪರೀಕ್ಷಿಸಲು 20 ಅಡಿಕೆ ಸಾಕು. ಹಗಲಿನ ನೆರಳಲ್ಲಿ ಕೆಂಪು ಹತ್ತು, ಕಪ್ಪು ಛಾಯೆಯವು ಹತ್ತು ಆರಿಸಿ, ಕಪ್ಪಿನವುಗಳ ಅಡಿಗೆ ವೈಟ್ನರಿನ ಸಣ್ಣ ಚುಕ್ಕೆ ಇಡಿ. ಚುಕ್ಕೆ ಕೆಳಗೆ ಮಾಡಿ ಕಲಸಿ, ರಾತ್ರಿ ಬೇರೆಯವರಿಂದ ಆರಿಸಿ, ತಿರುಗಿಸಿ ಎಣಿಸಿ. ಮೊದಲು ದೂರದ ಒಂದೇ ಟ್ಯೂಬಿನಲ್ಲಿ, ಆಮೇಲೆ ಎರಡೂ ಪಟ್ಟಿ ಹಾಕಿ. ಮೊಬೈಲಿನ ಲಕ್ಸ್ ಆ್ಯಪ್ ಎರಡು ಜಾಗ ಹೋಲಿಸಲು ಆಗುತ್ತದೆ. ಅದರ ಅಂಕಿಯನ್ನೇ ನಂಬಬಾರದು.

ಪರೀಕ್ಷೆಗೆ ಮನೆಯ ಹಿರಿಯರನ್ನೂ ಕೂರಿಸಿ. 60ರ ಕಣ್ಣಿನ ಒಳಪರದೆಗೆ ತಲುಪುವುದು 20ರವರಿಗೆ ತಲುಪುವ ಬೆಳಕಿನ ಮೂರನೇ ಒಂದರಷ್ಟು. ಕೈ ಪಳಗಿರುತ್ತದೆ, ದೀಪ ಸಾಲುವುದಿಲ್ಲ. ಅವರ ಕಡೆಯ ಪಟ್ಟಿ ಅರ್ಧ ಅಡಿ ಇಳಿಸಿದರೆ ವ್ಯತ್ಯಾಸ ಕಾಣುತ್ತದೆ. ಅಡಿಕೆ ಸುರುವುವಾಗ ಏಳುವ ಧೂಳು ಪಟ್ಟಿಯ ಮೇಲೆ ಕೂತು ಬೆಳಕು ತಿನ್ನುತ್ತದೆ. ವಾರಕ್ಕೊಮ್ಮೆ ಸ್ವಿಚ್ ಆಫ್ ಮಾಡಿ ಒಣಬಟ್ಟೆಯಲ್ಲಿ ಒರೆಸಿ.