ಗಿಡ್ಡ ನಳಿಗೆಯ ರೈಫಲ್‌ನಲ್ಲಿ ಕೈತುಂಬಿದ ಕಾಡತೂಸು ಸಿಕ್ಕಿಕೊಂಡಾಗ

ಮನೆಯ ಮೇಜಿನ ಮೇಲೆ ತುಂಬಿದ ಕಾಡತೂಸು (ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಮದ್ದು ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಬುಲೆಟ್) ಉದ್ದ ನಳಿಗೆಯ ಅರೆಸ್ವಯಂಚಾಲಿತ ರೈಫಲ್‌ನಲ್ಲಿ ತಕರಾರಿಲ್ಲದೆ ಓಡಿ, ಗಿಡ್ಡ ನಳಿಗೆಯದರಲ್ಲಿ ಎರಡು ಮೂರು ಗುಂಡಿಗೊಮ್ಮೆ ಸಿಕ್ಕಿಕೊಳ್ಳುವುದು ಸಾಮಾನ್ಯ ಅನುಭವ. ಆಗ ತುಂಬಿದವರ ಕೈ ಮೊದಲು ಹೋಗುವುದು ತಕ್ಕಡಿಯ ಕಡೆಗೆ. ಮದ್ದು ಇನ್ನೊಂದು ಚೂರು ಹೆಚ್ಚಿಸಿದರೆ ಸರಿಹೋದೀತು ಎಂದು ತೋರುತ್ತದೆ. ಆ ಕೈಯನ್ನು ಅಲ್ಲಿಯೇ ತಡೆಯಬೇಕು. ದೋಷ ಬಂದೂಕಿನದೋ ಕಾಡತೂಸಿನದೋ ಎಂಬುದು ತೀರ್ಮಾನವಾಗುವ ಮೊದಲು ಮದ್ದಿನ ತೂಕವನ್ನು ಮುಟ್ಟುವುದೆಂದರೆ ಒಂದು ತೊಂದರೆಯ ಮೇಲೆ ಇನ್ನೊಂದು ಅಪಾಯವನ್ನು ಹೇರುವುದೇ ಸರಿ.

ಗಿಡ್ಡ ನಳಿಗೆಗೆ ಈ ಸೂಕ್ಷ್ಮತೆ ಬಂದದ್ದು ಅನಿಲದ ಲೆಕ್ಕಾಚಾರದಿಂದ. ಎಆರ್-15 ಮಾದರಿಯ ರೈಫಲ್‌ನಲ್ಲಿ ಬುಲೆಟ್ ನಳಿಗೆಯ ಅನಿಲ ರಂಧ್ರವನ್ನು ದಾಟಿದ ಮೇಲೆ, ಮೂತಿಯಿಂದ ಹೊರಬೀಳುವವರೆಗೆ ಮಾತ್ರ ಅನಿಲವು, ಕಾಡತೂಸು ಕೂರುವ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ತಳ್ಳುವಷ್ಟು ಒತ್ತಡದಲ್ಲಿ ಅನಿಲದ ಕೊಳವೆಗೆ ನುಗ್ಗುತ್ತದೆ. 14.5 ಇಂಚಿನ ನಳಿಗೆಯಲ್ಲಿ ರಂಧ್ರದಿಂದ ಮೂತಿಗೆ ಸುಮಾರು 7 ಇಂಚು ಇದ್ದರೆ, ಅದೇ ಕಾರ್ಬೈನ್ ಅಳತೆಯ ಅನಿಲ ವ್ಯವಸ್ಥೆ ಇರುವ 10.5 ಇಂಚಿನದರಲ್ಲಿ ಉಳಿಯುವುದು ಸುಮಾರು 3 ಇಂಚು. ಇಷ್ಟು ಕಡಿಮೆ ಸಮಯದಲ್ಲಿ ಕೆಲಸ ಮುಗಿಯಬೇಕಾದ್ದರಿಂದ ತಯಾರಕರು ರಂಧ್ರವನ್ನು ದೊಡ್ಡದಾಗಿ ಕೊರೆದಿರುತ್ತಾರೆ. ಪರಿಣಾಮವಾಗಿ ಅನಿಲ ಸಾಲದ ಸ್ಥಿತಿಗೂ ಅತಿಯಾದ ಸ್ಥಿತಿಗೂ ನಡುವಿನ ಹಾದಿ ಕಿರಿದಾಗುತ್ತದೆ. ಉದ್ದ ನಳಿಗೆ ಸಹಿಸಿಕೊಳ್ಳುವ ಸಣ್ಣ ವ್ಯತ್ಯಾಸವನ್ನು ಗಿಡ್ಡ ನಳಿಗೆ ಸಹಿಸುವುದಿಲ್ಲ. (ಅಮೆರಿಕದಲ್ಲಿ 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್ 1934ರ ಕಾಯ್ದೆಯಡಿ ನೋಂದಾಯಿಸಬೇಕಾದ ಆಯುಧ. ಇಲ್ಲಿನ ಮಾತೆಲ್ಲ ಆಯಾ ನಾಡಿನ ಕಾನೂನು ಒಪ್ಪಿದ ಬಂದೂಕಿನ ಬಗ್ಗೆ ಮಾತ್ರ.)

ಪರೀಕ್ಷೆಗೆ ಕೂರುವ ಮೊದಲು ಎರಡು ಎಚ್ಚರಿಕೆಗಳಿವೆ. ಕುದುರೆ ಎಳೆದಾಗ ಗುಂಡು ಹಾರದಿದ್ದರೆ ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಶಬ್ದವಾಗಲಿ ಒದೆತವಾಗಲಿ ಎಂದಿಗಿಂತ ಕುಂದಿದ್ದರೆ ಮುಂದಿನ ಗುಂಡನ್ನು ಹಾರಿಸಲೇಬಾರದು. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ನಳಿಗೆಯಲ್ಲಿ ಬುಲೆಟ್ ಉಳಿದಿದೆಯೇ ಎಂದು ನೋಡಬೇಕು. ಬೋಲ್ಟ್ ಅರ್ಧಕ್ಕೆ ನಿಂತದ್ದನ್ನು ಬರಿಯ ಸಿಕ್ಕು ಎಂದುಕೊಂಡು ಕೈಯಿಂದ ಎಳೆದು ಮತ್ತೆ ಹಾರಿಸಿದವರ ನಳಿಗೆ ಬಿರಿದದ್ದುಂಟು.

ಮೊದಲ ಪರೀಕ್ಷೆ ಕಾರ್ಖಾನೆಯ ಕಾಡತೂಸಿನಿಂದಲೇ ಆಗಬೇಕು. ಅದೇ ರೈಫಲ್, ಅದೇ ಮ್ಯಾಗಜೀನ್, ಅದೇ ದಿನ. ಗುಣಮಟ್ಟದ ಕಾರ್ಖಾನೆ ಗುಂಡುಗಳು ಇಪ್ಪತ್ತು ಮೂವತ್ತರ ತನಕ ತಡೆಯಿಲ್ಲದೆ ಓಡಿದರೆ ಅನುಮಾನ ನಿಮ್ಮ ಮೇಜಿನ ಕಡೆಗೆ ತಿರುಗುತ್ತದೆ, ಅವೂ ಸಿಕ್ಕಿಕೊಂಡರೆ ಬಂದೂಕಿನ ಕಡೆಗೆ. ನಂತರ ಒಂದೇ ಗುಂಡಿನ ಪರೀಕ್ಷೆ: ಮ್ಯಾಗಜೀನಿಗೆ ನಿಮ್ಮದೊಂದು ಕಾಡತೂಸನ್ನು ಮಾತ್ರ ಹಾಕಿ ಹಾರಿಸಿ, ಬೋಲ್ಟ್ ಹಿಂದೆ ನಿಂತಿತೇ ಎಂದು ನೋಡಿ. ಹೀಗೆ ಹತ್ತು ಬಾರಿ, ಎರಡು ಬೇರೆ ಮ್ಯಾಗಜೀನ್‌ಗಳಲ್ಲಿ. ಕೇಸ್ ಹೊರಬಿದ್ದೂ ಬೋಲ್ಟ್ ಹಿಂದೆ ನಿಲ್ಲದಿದ್ದರೆ ಅದು ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ ಎಂದೇ ಬಹುಮಟ್ಟಿಗೆ ಅರ್ಥ. ಒಂದು ಮ್ಯಾಗಜೀನಿನಲ್ಲಿ ನಿಂತು ಇನ್ನೊಂದರಲ್ಲಿ ನಿಲ್ಲದಿದ್ದರೆ ಆ ಇನ್ನೊಂದು ಮ್ಯಾಗಜೀನನ್ನು ಬದಿಗಿಡಿ; ಅಗ್ಗದಲ್ಲಿ ಬಗೆಹರಿಯುವ ತೊಂದರೆ ಇದೊಂದೇ.

ಇಲ್ಲಿ ಅನೇಕರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ಬೋಲ್ಟ್ ಮುಂದಿನ ಗುಂಡನ್ನು ಎತ್ತಿಕೊಳ್ಳದೆ ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಂಡರೆ ಎಲ್ಲರೂ ಅನಿಲ ಸಾಲದೆಂದು ಹೇಳುತ್ತಾರೆ. ಆದರೆ ಅನಿಲ ಅತಿಯಾಗಿ ಬೋಲ್ಟ್ ಮಿತಿಮೀರಿದ ವೇಗದಲ್ಲಿ ಹಿಂದೆ ಮುಂದೆ ಓಡಿದಾಗ, ಮ್ಯಾಗಜೀನಿನ ಸ್ಪ್ರಿಂಗ್ ಗುಂಡನ್ನು ಮೇಲೆತ್ತುವಷ್ಟರಲ್ಲಿ ಬೋಲ್ಟ್ ಅದರ ಮೇಲಿಂದ ಹಾದುಹೋಗಿ ಅದೇ ಫಲವನ್ನು ಕೊಡುತ್ತದೆ. ಕಾಯಿಲೆ ಎರಡು, ಲಕ್ಷಣ ಒಂದು. ಬೇರ್ಪಡಿಸಲು ನೆಲದ ಮೇಲೆ ಬಿದ್ದ ಕೇಸ್‌ಗಳನ್ನು ನೋಡಬೇಕು. ಮೂತಿಯ ದಿಕ್ಕನ್ನು ಗಡಿಯಾರದ 12 ಎಂದಿಟ್ಟುಕೊಂಡರೆ, ಕೇಸ್‌ಗಳು 3ರಿಂದ 4ರ ದಿಕ್ಕಿನಲ್ಲಿ ಬೀಳುವುದು ಆರೋಗ್ಯದ ಸೂಚನೆ; 1 ಅಥವಾ 2ರ ಕಡೆಗೆ ದೂರ ಚಿಮ್ಮಿದರೆ ವೇಗ ಹೆಚ್ಚಿದೆ, 5ರ ಕಡೆಗೆ ಸೋತಂತೆ ಉರುಳಿದರೆ ವೇಗ ಸಾಲದು. ಎಜೆಕ್ಟರ್ (ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ಮತ್ತು ಎಕ್ಸ್‌ಟ್ರಾಕ್ಟರ್ (ಕೇಸನ್ನು ಚೇಂಬರಿನಿಂದ ಎಳೆಯುವ ಕೊಕ್ಕೆ) ಸ್ಪ್ರಿಂಗುಗಳೂ ಈ ದಿಕ್ಕನ್ನು ಬದಲಿಸುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಕೇಸಿನ ಅಂಚನ್ನು ಬೆರಳಿನಿಂದ ಸವರಿ ನೋಡಿ: ಎಕ್ಸ್‌ಟ್ರಾಕ್ಟರ್ ಹಿಡಿದ ಜಾಗದಲ್ಲಿ ಅಂಚು ಬಾಗಿದ್ದರೆ ಅಥವಾ ಹರಿದಿದ್ದರೆ, ಕೇಸ್ ಇನ್ನೂ ಚೇಂಬರಿನ ಗೋಡೆಗೆ ಒತ್ತಿಕೊಂಡಿರುವಾಗಲೇ ಬೋಲ್ಟ್ ಅದನ್ನು ಕಿತ್ತೆಳೆಯುತ್ತಿದೆ. ಅಂಥ ರೈಫಲ್‌ಗೆ ಮದ್ದು ಹೆಚ್ಚಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಬಂದೂಕಿನ ಕಡೆ ನೋಡಬೇಕಾದದ್ದು ಹೆಚ್ಚಿಲ್ಲ. ಬೋಲ್ಟನ್ನು ಹೊತ್ತು ಓಡುವ ಕ್ಯಾರಿಯರಿನ ಮೇಲಿನ ಗ್ಯಾಸ್ ಕೀ (ಕೊಳವೆಯ ಅನಿಲವನ್ನು ಒಳಕ್ಕೆ ಪಡೆಯುವ ತುಂಡು) ಸಡಿಲವಾಗಿದೆಯೇ, ಅನಿಲವನ್ನು ಕೊಳವೆಗೆ ತಿರುಗಿಸುವ ಬ್ಲಾಕ್ ರಂಧ್ರಕ್ಕೆ ನೇರವಾಗಿ ಕೂತಿದೆಯೇ, ಸುತ್ತ ಮಸಿ ಸೋರಿದ ಗುರುತಿದೆಯೇ ಎಂದು ಪರೀಕ್ಷಿಸಿ. ಬೋಲ್ಟನ್ನು ಮುಂದಕ್ಕೆ ಪೂರ್ತಿ ಎಳೆದು, ಕ್ಯಾರಿಯರನ್ನು ಬೋಲ್ಟಿನ ಮುಖದ ಮೇಲೆ ನೆಟ್ಟಗೆ ನಿಲ್ಲಿಸಿ. ಕ್ಯಾರಿಯರ್ ತನ್ನ ತೂಕಕ್ಕೇ ಕುಸಿದರೆ ಬೋಲ್ಟಿನ ಸುತ್ತ ಅನಿಲ ಸೋರದಂತೆ ತಡೆಯುವ ಉಂಗುರಗಳು ಸವೆದಿವೆ. ಕ್ಯಾರಿಯರಿನ ಹಿಂದೆ ಕೂತು ಅದರ ಓಟವನ್ನು ತಡೆಯುವ ಬಫರಿನ ತೂಕವನ್ನೂ ತಿಳಿದಿರಬೇಕು. ಸಾಮಾನ್ಯ ಕಾರ್ಬೈನ್ ಬಫರ್ ಸುಮಾರು 85 ಗ್ರಾಂ. ಎಚ್2 ಎಂಬ ಭಾರದ ಬಫರ್ ಸುಮಾರು 130 ಗ್ರಾಂ. ಸದ್ದು ತಗ್ಗಿಸುವ ಸಪ್ರೆಸರ್ ಹಾಕಿದಾಗ ಹಿಮ್ಮುಖ ಒತ್ತಡ ಏರುತ್ತದೆಂದು ಭಾರದ ಬಫರ್ ಹಾಕಿಕೊಂಡು, ಸಪ್ರೆಸರ್ ತೆಗೆದ ದಿನ ಮದ್ದನ್ನು ಬೈಯುವವರಿದ್ದಾರೆ. ರಂಧ್ರವನ್ನು ತಾವೇ ಕೊರೆದು ದೊಡ್ಡದು ಮಾಡುವುದು ಬೇಡ. ಹಾಕಿದ ತೂತನ್ನು ಮತ್ತೆ ಕಿರಿದು ಮಾಡಲಾಗದು, ಆ ಕೆಲಸ ಬಂದೂಕು ರಿಪೇರಿ ಬಲ್ಲವರದು.

ಇನ್ನು ಕಾಡತೂಸು. ನನ್ನ ಎಣಿಕೆಯಲ್ಲಿ ಕೈತುಂಬಿದ ಗುಂಡಿನ ಬಹುಪಾಲು ತೊಂದರೆ ಮದ್ದಿನದಲ್ಲ, ಹಿತ್ತಾಳೆಯದು. ಒಮ್ಮೆ ಹಾರಿಸಿದ ಕೇಸ್ ಉಬ್ಬಿರುತ್ತದೆ. ಅರೆಸ್ವಯಂಚಾಲಿತ ರೈಫಲ್‌ಗೆ ಅದನ್ನು ಪೂರ್ಣ ಉದ್ದದ ಡೈಯಲ್ಲಿ (ಕೇಸನ್ನು ಅಳತೆಗೆ ತರುವ ಅಚ್ಚು) ಒತ್ತಿ, ಕತ್ತಿನ ಕೆಳಗಿನ ಇಳಿಜಾರಾದ ಹೆಗಲನ್ನು ಚೇಂಬರಿನ ಅಳತೆಗಿಂತ 0.08ರಿಂದ 0.1 ಮಿಲಿಮೀಟರ್ ಹಿಂದಕ್ಕೆ ಸರಿಸಬೇಕು. ಕಡಿಮೆ ಸರಿಸಿದರೆ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ, ಹೆಚ್ಚು ಸರಿಸಿದರೆ ಕೆಲವೇ ಬಾರಿಯ ಬಳಕೆಯಲ್ಲಿ ಕೇಸ್ ಬುಡದ ಬಳಿ ತುಂಡಾಗುತ್ತದೆ. ಈ ರೈಫಲ್‌ಗಳಲ್ಲಿ ಸಾಮಾನ್ಯವಾದ .223 ರೆಮಿಂಗ್ಟನ್ ಕಾಡತೂಸಿನ ಕೇಸಿನ ಗರಿಷ್ಠ ಉದ್ದ 44.70 ಮಿಲಿಮೀಟರ್, ಅದನ್ನು ಮೀರಿದ ಕೇಸಿನ ಬಾಯಿ ಚೇಂಬರಿನ ಕೊನೆಯಲ್ಲಿ ಬುಲೆಟ್ಟನ್ನು ಇರುಕಿಸಿ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಬುಲೆಟ್ ಸೇರಿ ಒಟ್ಟು ಉದ್ದ 57.40 ಮಿಲಿಮೀಟರ್ ದಾಟಿದರೆ ಮ್ಯಾಗಜೀನಿನ ಮುಂಗೋಡೆಗೆ ಉಜ್ಜಿಕೊಳ್ಳುತ್ತದೆ.

ಎಲ್ಲಿ ತಾಗುತ್ತಿದೆಯೆಂದು ಕಣ್ಣಾರೆ ಕಾಣಲು ಒಂದು ಉಪಾಯವಿದೆ. ಪ್ರೈಮರೂ ಮದ್ದೂ ಇಲ್ಲದ ಡಮ್ಮಿ ಕಾಡತೂಸೊಂದನ್ನು ನಿಮ್ಮ ಎಂದಿನ ಕ್ರಮದಲ್ಲೇ, ಅದೇ ಡೈ, ಅದೇ ಕ್ರಿಂಪ್ (ಬುಲೆಟ್ಟಿನ ಸುತ್ತ ಕೇಸಿನ ಬಾಯಿಯನ್ನು ಒತ್ತಿ ಬಿಗಿಸುವುದು) ಬಳಸಿ ಸಿದ್ಧಪಡಿಸಿ. ಅದರ ಮೈಗೆಲ್ಲ ಕಪ್ಪು ಮಾರ್ಕರ್ ಬಳಿದು, ಒಣಗಿಸಿ, ಬೋಲ್ಟಿನಿಂದ ಚೇಂಬರಿಗೆ ಬಿಟ್ಟು ಹೊರತೆಗೆಯಿರಿ. ಮಸಿ ಬುಡದ ಸುತ್ತ ಅಳಿಸಿದ್ದರೆ ಡೈ ಕೇಸನ್ನು ಸಾಕಷ್ಟು ಕಿರಿದು ಮಾಡಿಲ್ಲ. ಬುಡವನ್ನು ಇನ್ನಷ್ಟು ಕಿರಿದು ಮಾಡುವ ಸ್ಮಾಲ್ ಬೇಸ್ ಡೈ ಬೇಕಾದೀತು. ಕೇಸಿನ ಮೈಗೂ ಹೆಗಲಿಗೂ ಕೂಡುವಲ್ಲಿ ತೆಳುವಾದ ಉಂಗುರದಂತೆ ಹಿತ್ತಾಳೆ ಹೊಳೆದರೆ ಕ್ರಿಂಪ್ ಅತಿಯಾಗಿದೆ: ಬಾಯಿಯನ್ನು ಬಿಗಿಯಾಗಿ ಒತ್ತಿದ ಬಲ ಕೆಳಗಿಳಿದು ಹೆಗಲನ್ನು ಕೂದಲೆಳೆಯಷ್ಟು ಉಬ್ಬಿಸಿರುತ್ತದೆ. ಬರಿಗಣ್ಣಿಗೆ ಈ ಉಬ್ಬು ಕಾಣಿಸದು, ಕೈಗೂ ಸಿಗದು, ಮಸಿ ಮಾತ್ರ ತೋರಿಸಿಕೊಡುತ್ತದೆ. ಅದೇ ಡಮ್ಮಿಯ ಉದ್ದವನ್ನು ಚೇಂಬರಿಗೆ ಬಿಡುವ ಮೊದಲೂ ನಂತರವೂ ಅಳೆಯಿರಿ. ಕುಗ್ಗಿದ್ದರೆ ಕತ್ತಿನ ಹಿಡಿತ ಸಾಲದೆ ಬುಲೆಟ್ ಒಳಗೆ ಜಾರುತ್ತಿದೆ, ಅದು ಒತ್ತಡವನ್ನು ಏರಿಸುವ ದೋಷ.

ಪ್ರೈಮರ್ ಕೇಸಿನ ತಳಕ್ಕಿಂತ ಎಳ್ಳಷ್ಟೂ ಮೇಲಿರಬಾರದು. ಈ ಮಾದರಿಯ ರೈಫಲ್‌ನಲ್ಲಿ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ ಸಡಿಲವಾಗಿ ತೇಲುವುದರಿಂದ ಬೋಲ್ಟ್ ಮುಚ್ಚಿದಾಗಲೆಲ್ಲ ಪ್ರೈಮರನ್ನು ಮೆಲ್ಲಗೆ ಕುಟ್ಟುತ್ತದೆ. ಹಾರಿಸದೆ ಹೊರತೆಗೆದ ಗುಂಡಿನ ಮೇಲೆ ಸಣ್ಣ ಚುಕ್ಕೆ ಕಾಣುವುದು ಅದಕ್ಕೇ. ಉಬ್ಬಿದ ಪ್ರೈಮರ್ ಆ ಕುಟ್ಟಿಗೇ ಸಿಡಿಯಬಹುದು.

ಇವೆಲ್ಲ ಸರಿಯಿದ್ದು ಬೋಲ್ಟ್ ಇನ್ನೂ ಅರ್ಧಕ್ಕೇ ನಿಂತರೆ ಆಗ ಮದ್ದಿನ ಮಾತು, ಅದೂ ತೂಕಕ್ಕಿಂತ ಮೊದಲು ಜಾತಿ. ಬುಲೆಟ್ಟಿನ ವೇಗ ಒಂದೇ ಇದ್ದರೂ ಬೇರೆ ಬೇರೆ ಮದ್ದು ರಂಧ್ರದ ಬಳಿ ಬೇರೆ ಬೇರೆ ಒತ್ತಡವನ್ನು ಉಳಿಸುತ್ತದೆ. 1960ರ ದಶಕದಲ್ಲಿ ಅಮೆರಿಕದ ಸೇನೆ ಎಂ16 ರೈಫಲ್‌ನ ಕಾಡತೂಸಿಗೆ ಮೊದಲಿನ ಮದ್ದಿನ ಬದಲು ಡಬ್ಲ್ಯೂಸಿ 846 ಎಂಬ ಉಂಡೆ ಮದ್ದನ್ನು ತಂದಾಗ ವೇಗದ ಗುರಿಯೇನೋ ಮುಟ್ಟಿತು, ಆದರೆ ರಂಧ್ರದ ಒತ್ತಡ ಏರಿ ಬೋಲ್ಟಿನ ಓಟ ಮಿತಿಮೀರಿತು, ಮಸಿಯೂ ಹೆಚ್ಚಿತು. ವಿಯೆಟ್ನಾಂನಲ್ಲಿ ರೈಫಲ್‌ಗಳು ಸಿಕ್ಕಿಕೊಂಡ ಕಾರಣಗಳಲ್ಲಿ ಇದೂ ಒಂದೆಂದು ಅಮೆರಿಕದ ಸಂಸತ್ತಿನ 1967ರ ವಿಚಾರಣೆಯಲ್ಲಿ ಹೊರಬಿತ್ತು. ಇದರ ತಿರುವುಮುರುವು ಈ ಮಾದರಿಯ ರೈಫಲ್‌ನ ಇನ್ನೊಂದು ಕಾಡತೂಸಾದ .300 ಬ್ಲ್ಯಾಕೌಟ್‌ನಲ್ಲಿ ಕಾಣುತ್ತದೆ. ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 343 ಮೀಟರಿಗಿಂತ, ಕೆಳಗಿರುವ ಭಾರದ ಬುಲೆಟ್ಟಿಗೆ ಬೇಗ ಉರಿದು ಮುಗಿಯುವ ಮದ್ದು ಬಳಸಿದರೆ ಗುರಿ ಚೆನ್ನಾಗಿ ಕೂತರೂ ಬೋಲ್ಟ್ ಅಲುಗದು; ತುಸು ನಿಧಾನವಾಗಿ ಉರಿಯುವ ಅಕ್ಯುರೇಟ್ 1680 ಎಂಬ ಮದ್ದಿನಂಥದ್ದು ಅದೇ ವೇಗದಲ್ಲಿ ಬೋಲ್ಟನ್ನು ಓಡಿಸುತ್ತದೆ. ಆದ್ದರಿಂದ ಮದ್ದಿನ ತಯಾರಕರ ಪ್ರಕಟಿತ ಕೋಷ್ಟಕದಲ್ಲಿ ನಿಮ್ಮ ಬುಲೆಟ್ಟಿಗೆ ಹೇಳಿರುವ ಇನ್ನೊಂದು ಮದ್ದನ್ನು, ಕನಿಷ್ಠ ತೂಕದಿಂದ ಆರಂಭಿಸಿ ನೋಡುವುದೇ ಸರಿಯಾದ ದಾರಿ. ಕೋಷ್ಟಕದ ಗರಿಷ್ಠವನ್ನು ದಾಟಕೂಡದು, ಕನಿಷ್ಠದ ಕೆಳಗೂ ಇಳಿಯಕೂಡದು. .300 ಬ್ಲ್ಯಾಕೌಟ್ ತುಂಬುವವರು ಅದರ ಮ್ಯಾಗಜೀನ್‌ಗಳಿಗೆ ಬೇರೆ ಬಣ್ಣದ ಪಟ್ಟಿ ಸುತ್ತಿಡಲಿ: ಆ ಗುಂಡು ತಪ್ಪಿ .223 ರೈಫಲ್‌ನ ಚೇಂಬರಿಗೆ ಹೊಕ್ಕು ಹಾರಿದರೆ ರೈಫಲ್ ಸಿಡಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ: ಮದ್ದು, ಒಟ್ಟು ಉದ್ದ, ಕೇಸ್ ಎಷ್ಟನೆಯ ಬಳಕೆ, ಬುಲೆಟ್ಟಿನ ವೇಗ ಅಳೆಯುವ ಕ್ರೋನೊಗ್ರಾಫ್ ತೋರಿದ ಅಂಕಿ, ಕೇಸ್ ಬಿದ್ದ ದಿಕ್ಕು, ಆ ದಿನದ ತಾಪಮಾನ. ಅನೇಕ ಮದ್ದುಗಳು ಚಳಿಯಲ್ಲಿ ಸೊರಗುತ್ತವೆ. ಬಿಸಿಲಲ್ಲಿ ಅಂಚಿನ ಮೇಲೆ ನಿಂತು ಓಡಿದ ಗುಂಡು ಚಳಿಯ ಬೆಳಗ್ಗೆ ಅರ್ಧಕ್ಕೆ ನಿಂತೀತು. ಹತ್ತು ಗುಂಡು ಸಲೀಸಾಗಿ ಓಡಿತೆಂದು ಐನೂರು ತುಂಬಿಡಬೇಡಿ. ಐವತ್ತು ತುಂಬಿ, ಒರೆಸದ ರೈಫಲ್‌ನಲ್ಲಿ, ಮ್ಯಾಗಜೀನನ್ನು ಒಮ್ಮೆ ಪೂರ್ತಿ ತುಂಬಿಯೂ ಒಮ್ಮೆ ಮೂರೇ ಗುಂಡು ಹಾಕಿಯೂ ಹಾರಿಸಿ ನೋಡಿ. ಹಳೆಯ ತೂಕದಲ್ಲಿ ಉಳಿದ ಗುಂಡುಗಳನ್ನು ಬುಲೆಟ್ ಕೀಳುವ ಸುತ್ತಿಗೆಯಿಂದ ಬಿಚ್ಚಿ, ಗುರುತಿಲ್ಲದ ಮದ್ದನ್ನು ಡಬ್ಬಿಗೆ ಮರಳಿ ಸುರಿಯದೆ ವಿಲೇವಾರಿ ಮಾಡಿ.